ಆರನೇ ದ್ವೀಪ

"ಎಂಟು ಜನ ಈ ಜೆರ್ಸಿ ಹಾಕ್ಕೊಂಡು ನಿಂತ್ಕೊಳ್ಳಿ. ಹಗ್ಗಜಗ್ಗಾಟದಲ್ಲಿ ಮೊದಲನೇ ಸುತ್ತಿಗೇ ಸೋತುಬಿಡಿ. ಅಷ್ಟೇ ಕೆಲಸ" ಎಂದು ವೆಲ್ಫೇರ್ ಆಫೀಸರ್ ಮುದ್ದುಕೃಷ್ಣ ನೀಲಿ ಜೆರ್ಸಿಗಳ ಗಂಟನ್ನು ಸ್ಟೋರ್‌ಕೀಪರ್ ಒಸ್ವಾಲ್ಡನ ಕೈಗೆ ತುರುಕಿದ. ಎಲ್ಲದರ ಎದೆಯ ಮೇಲೂ ದೊಡ್ಡದಾಗಿ ಮಾರಿಷಸ್ ಎಂದು ಅಚ್ಚಾಗಿತ್ತು.

ಒಸ್ವಾಲ್ಡನಿಗೆ ಮೈಯೆಲ್ಲ ಉರಿದುಹೋಯಿತು. ಕತಾರಿನ ದುಖಾನಿನ ಈ ಕ್ಯಾಂಪಿನಲ್ಲಿ 'ದ್ವೀಪ ರಾಷ್ಟ್ರಗಳ ಕ್ರೀಡಾಕೂಟ - ೧೯೯೬' ಹುಟ್ಟಿದ್ದು ಮುದ್ದುಕೃಷ್ಣನ ತಲೆಯಲ್ಲಿ, ನಿಜ. ಆದರೆ ಅದನ್ನು ಒಂದು ತಿಂಗಳು ತಲೆಯ ಮೇಲೆ ಹೊತ್ತು ತಿರುಗಿದವನು ಒಸ್ವಾಲ್ಡ್. ಶ್ರೀಲಂಕಾ, ಫಿಲಿಪೈನ್ಸ್, ಇಂಡೋನೇಷ್ಯಾ, ಬಹ್ರೇನ್, ಮಾರಿಷಸ್ ಎಂದು ಕಂಪನಿಯ ಸೈಟು ಸೈಟಿಗೂ ಫೋನ್ ಮಾಡಿ ಆಟಗಾರರ ಪಟ್ಟಿ ಮಾಡಿದ್ದು, ವಾಲಿಬಾಲ್ ನೆಟ್ ಕಟ್ಟಿಸಿದ್ದು, ಓಟಕ್ಕೆ ಸುಣ್ಣದ ಗೆರೆ ಎಳೆಸಿದ್ದು, ಐದು ಬಾವುಟಕ್ಕೆ ಐದು ಕಂಬ ನೆಡಿಸಿದ್ದು ಎಲ್ಲ ಅವನೇ. ನಮ್ಮವರಿಗೂ ಒಂದು ಟೀಮ್ ಕೊಡಿ ಎಂದು ಕೇಳಿದ್ದಕ್ಕೆ ಮಾತ್ರ ಮುದ್ದುಕೃಷ್ಣ ನಕ್ಕಿದ್ದ. "ಇಂಡಿಯಾ ಯಾವಾಗ್ರೀ ದ್ವೀಪ ಆಯ್ತು? ನೀವು ನೀರು ಕೊಡಿ, ಊಟ ಬಡಿಸಿ."

ಈಗ ನೋಡಿದರೆ ಮಾರಿಷಸ್‌ನವರೇ ಇಲ್ಲ. ಅವರ ಸೈಟಿನಲ್ಲಿ ಪೈಪ್ ಒಡೆದು ಶುಕ್ರವಾರದ ರಜೆ ಖಲಾಸ್ ಆಗಿತ್ತು. ಕಂಪನಿಯ ಮುದೀರ್, ಅಂದರೆ ಎಲ್ಲರ ಮೇಲಿನ ದೊಡ್ಡ ಮ್ಯಾನೇಜರ್, ಇನ್ನರ್ಧ ಗಂಟೆಯಲ್ಲಿ ಬಂದು ಐದು ದೇಶಗಳ ಪಥಸಂಚಲನ ನೋಡುವವರಿದ್ದರು.

"ಮಾರಿಷಸ್‌ನವರು ನೋಡೋಕೆ ನಮ್ಮ ಹಾಗೇ ಇರ್ತಾರೆ. ಯಾರಿಗೆ ಗೊತ್ತಾಗತ್ತೆ?"

"ಅದು ಸರಿ. ಸೋಲುದು ಎಂತಕ್ಕೆ ಸರ್?"

"ಗೆದ್ದರೆ ಕಪ್ ಕೊಡೋವಾಗ ಮುದೀರ್ ಮಾತಾಡಿಸ್ತಾರೆ, ಗುಟ್ಟು ಬಯಲಾಗತ್ತೆ. ಸೋತವರನ್ನ ಯಾರೂ ಮಾತಾಡಿಸಲ್ಲ." ಮುದ್ದುಕೃಷ್ಣ ದನಿ ತಗ್ಗಿಸಿದ. "ನಿಮ್ಮ ರಿನ್ಯೂವಲ್ ಫಾರಂ ನನ್ನ ಟೇಬಲ್ ಮೇಲೇ ಇದೆ. ಸಂಜೆ ಸೈನ್ ಮಾಡ್ತೀನಿ. ಯಲ್ಲಾ, ಹೊರಡಿ."

ಆ ಸೈನ್ ಬೀಳದಿದ್ದರೆ ತಿಂಗಳ ಕೊನೆಗೆ ಒಸ್ವಾಲ್ಡ್ ಗಂಟುಮೂಟೆ ಕಟ್ಟಬೇಕು. ಮಂಗಳೂರಿನಲ್ಲಿ ಮಗಳು ಜೂಲಿಯೆಟ್ ನರ್ಸಿಂಗ್ ಮುಗಿಸಲು ಇನ್ನೂ ಎರಡು ವರ್ಷವಿತ್ತು. ಹೆದರಿಕೆ ಆಯಿತು, ಸುಳ್ಳಲ್ಲ. ಆದರೆ ಸಿಟ್ಟು ಅದಕ್ಕಿಂತ ಒಂದು ಹಿಡಿ ಹೆಚ್ಚೇ ಬಂತು. ಒಂದು ತಿಂಗಳು ಚಾಕರಿ ಮಾಡಿಸಿಕೊಂಡು, ಕೊನೆಗೆ ಇನ್ನೊಬ್ಬರ ಅಂಗಿ ತೊಡಿಸಿ ಸೋಲಿಸುವುದೆಂದರೆ ಏನು!

ಒಸ್ವಾಲ್ಡ್ ಹುಟ್ಟಿದ್ದು ನೇತ್ರಾವತಿ ನದಿಯ ನಡುವಿನ ಮಾಡಕುದ್ರಿನಲ್ಲಿ. ನಾಲ್ಕೂ ಕಡೆ ನೀರು, ನಲವತ್ತು ಮನೆ, ದಾಟಲು ದೋಣಿ. ಅಲ್ಲಿಂದ ಕತಾರಿಗೆ ಬಂದ ಒಬ್ಬ ಇನ್ನೊಬ್ಬನಿಗೆ ವೀಸಾ ಮಾಡಿಸಿ, ಅವನು ಮತ್ತೊಬ್ಬನನ್ನು ಕರೆಸಿ, ಈಗ ಈ ಕ್ಯಾಂಪಿನಲ್ಲೇ ಒಸ್ವಾಲ್ಡನೂ ಸೇರಿ ಎಂಟು ಮಂದಿ ಕುದ್ರಿನವರಿದ್ದರು. ನೀರಿನ ಡ್ರಮ್ಮಿನ ಹತ್ತಿರ ನಿಂತಿದ್ದ ತನಿಯ ಅವರಲ್ಲಿ ಹಿರಿಯ.

"ತನಿಯಣ್ಣ, ನಾವೆಲ್ಲ ಹಗ್ಗ ಎಳೆಯುವಾ?"

"ಯಾರ ಹೆಸರಲ್ಲಿ?"

"ನಮ್ಮ ಹೆಸರಲ್ಲಿಯೇ."

ತನಿಯ ಕೈಯಲ್ಲಿದ್ದ ಲೋಟವನ್ನು ಡ್ರಮ್ಮಿನ ಮೇಲೆ ಕವುಚಿ ಹಾಕಿದ.

ಮುದೀರ್ ಬಂದು ಕುಳಿತರು. ಮೊದಲ ನಾಲ್ಕು ತಂಡ ನಡೆದುಹೋದ ಮೇಲೆ ಐದನೆಯದು ಬಂತು. ಜೆರ್ಸಿಗಳು ಒಳಹೊರಗಾಗಿದ್ದವು. ಒಸ್ವಾಲ್ಡ್ ಹಿಡಿದ ಮಾರಿಷಸ್ ಬೋರ್ಡೂ ತಿರುಗಿತ್ತು, ಅದರ ಬೆನ್ನಿಗೆ ಹಸಿ ಸುಣ್ಣದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ 'ಮಾಡಕುದ್ರು' ಎಂದು ಬರೆದಿತ್ತು. ಮೈಕಿನಲ್ಲಿ ಮುದ್ದುಕೃಷ್ಣ "ಮಾರಿ..." ಎಂದವನು ಮುಂದಿನದನ್ನು ನುಂಗಿಕೊಂಡ.

ಹಗ್ಗಜಗ್ಗಾಟಕ್ಕೆ ಮರಳೇ ಅಂಕಣ. ಹೊಯ್ಗೆ, ಅಂದರೆ ಹೊಳೆಯ ಮರಳು, ತುಂಬಿದ ದೋಣಿಯನ್ನು ಹೊಳೆಯ ಸೆಳೆತಕ್ಕೆ ಎದುರಾಗಿ ಹಗ್ಗ ಕಟ್ಟಿ ಎಳೆದವರಿಗೆ ಮರಳಿನಲ್ಲಿ ಕಾಲೂರುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹೊಳೆ ಜಗ್ಗುವಾಗ ಎಳೆಯಬಾರದು, ಹಿಡಿದು ನಿಲ್ಲಬೇಕು. ಅದು ಉಸಿರು ಬಿಟ್ಟಾಗ ಒಂದು ಹೆಜ್ಜೆ ಹಿಂದಕ್ಕೆ. ಶ್ರೀಲಂಕಾದವರು ಕೂಗಿ ಕೂಗಿ ಜಗ್ಗಿದರು. ಕುದ್ರಿನವರು ಹಿಡಿದು ನಿಂತರು. ಕೊನೆಯಲ್ಲಿದ್ದ ತನಿಯ "ಹ್ಞಾಂ" ಎಂದಾಗ ಒಂದು ಹೆಜ್ಜೆ, ಮತ್ತೆ "ಹ್ಞಾಂ" ಎಂದಾಗ ಇನ್ನೊಂದು. ಆಮೇಲೆ ಬಹ್ರೇನ್ ಬಿತ್ತು. ಫೈನಲಿನಲ್ಲಿ ಫಿಲಿಪೈನ್ಸ್‌ನವರು ಐದು ನಿಮಿಷ ಬೆವರಿಳಿಸಿದರು, ಆದರೆ ಕಡೆಗೆ ಅವರೂ ಗೆರೆ ದಾಟಿ ಬಂದರು. ಒಸ್ವಾಲ್ಡನ ಅಂಗೈ ಸುಲಿದು ಹೋಗಿತ್ತು. ಇಷ್ಟು ಖುಷಿ ಅವನಿಗೆ ಕತಾರಿಗೆ ಬಂದ ಮೇಲೆ ಆದದ್ದೇ ಇಲ್ಲ.

ಕಪ್ ಕೊಡುವಾಗ ಮುದೀರ್ ಬೋರ್ಡನ್ನು ನೋಡಿ, ಇದು ಯಾವ ದೇಶ ಎಂದು ಕೇಳಿಯೇ ಬಿಟ್ಟರು.

"ದೇಶ ಅಲ್ಲ ಸರ್, ದ್ವೀಪ" ಎಂದು ಒಸ್ವಾಲ್ಡ್ ಇಂಗ್ಲಿಷಿನಲ್ಲೇ ಹೇಳಿದ. "ಸಣ್ಣದು. ಮ್ಯಾಪಿನಲ್ಲಿ ಸಿಕ್ಕುದಿಲ್ಲ."

ಮುದೀರ್ ಜೋರಾಗಿ ನಕ್ಕು ಅವನ ಬೆನ್ನು ತಟ್ಟಿದರು.

ಸಂಜೆ ಕ್ಯಾಬಿನ್ನಿಗೆ ಕರೆ ಬಂತು. ಮುದ್ದುಕೃಷ್ಣನ ಮುಂದೆ ಫಾರಂ ಇತ್ತು.

"ನನ್ನ ಮಾನ ಕಳೆದ್ರಿ. ಇದಕ್ಕೆ ನಾನು ಸೈನ್ ಹಾಕಲ್ಲ. ರಿಜೆಕ್ಟ್ ಅಂತ ಬರೀತೀನಿ."

"ಬರೆಯಿರಿ ಸರ್." ಒಸ್ವಾಲ್ಡ್ ಜೇಬಿನಿಂದ ತನ್ನ ಪೆನ್ನು ತೆಗೆದು, ಸುಲಿದ ಕೈಯಲ್ಲೇ ಮುಂದೆ ಹಿಡಿದ. "ಆದ್ರೆ ಕೆಳಗೆ ಕಾರಣ ಅಂತ ಒಂದು ಗೆರೆ ಉಂಟು, ಅದನ್ನು ಖಾಲಿ ಬಿಡ್ಲಿಕ್ಕಿಲ್ಲ. 'ಸೋಲ್ಲಿಕ್ಕೆ ಹೇಳಿದ್ದೆ, ಗೆದ್ದ' ಅಂತ ತುಂಬಿಸಿ, ಮುದೀರರ ಟೇಬಲಿಗೆ ನಾನೇ ಕೊಂಡುಹೋಗಿ ಕೊಡ್ತೇನೆ."