ಬಲಗೈಯ ಪಾಲು

ಒಂದು ಮನೆಗೆ ಒಂದೇ ವೀಸಾ ಎಂಬ ಕಾನೂನು ಬಂದು ವರ್ಷಗಳೇ ಆಗಿದ್ದವು. ಈ ಸಲ ಚೀಟಿ ಎತ್ತಿದಾಗ ನಾರ್ವೆಗೆ ಹೋಗುವ ಯೋಗ ತಂಗಿ ಚಂಪಾಳಿಗೆ ಬಂತು. ಅಲ್ಲಿ ನೋಡುವುದು, ಕೇಳುವುದು ಪ್ರಯಾಣ ಮಾಡುವವಳಿಗೇ ಇರಬೇಕು. ಉಳಿದ ಅನುಭವವನ್ನು ಮನೆಯವರು ಹಂಚಿಕೊಳ್ಳುವುದು ರೂಢಿ. ಅಲ್ಲಿನ ರುಚಿ ಅಮ್ಮನ ಪಾಲಾಯಿತು, ವಾಸನೆ ಅಣ್ಣನ ಪಾಲಾಯಿತು. ಅಕ್ಕ ನಳಿನಿಗೆ ಸಿಕ್ಕಿದ್ದು ಚಂಪಾಳ ಬಲಗೈ. ಇನ್ನು ಹದಿನೈದು ದಿನ ಆ ಕೈಗೆ ಏನು ತಾಕಿದರೂ ಗೊತ್ತಾಗುವುದು ನಳಿನಿಗೆ ಮಾತ್ರ.

ಹಿಮಕ್ಕಾಗಿ ಚಿಕ್ಕಂದಿನಿಂದ ಹಂಬಲಿಸಿದವಳು ನಳಿನಿ. ಚಂಪಾಳಿಗೋ ಫ್ಯಾನಿನ ಗಾಳಿಗೇ ನೆಗಡಿ.

ಟ್ಯಾಕ್ಸಿ ಬರಲು ಅರ್ಧ ಗಂಟೆಯಿತ್ತು. ಅಮ್ಮ ಸೂಟ್‌ಕೇಸಿಗೆ ಇನ್ನೊಂದು ಡಬ್ಬಿ ಚಟ್ನಿಪುಡಿ ತುರುಕಿದಳು.

"ಸಾಕಮ್ಮಾ! ಅವಳು ಎತ್ತಿದ್ರೆ ನೋಯೋದು ನಂಗೆ," ಎಂದಳು ನಳಿನಿ.

"ಹೊಟ್ಟೆಕಿಚ್ಚು ಕಣೇ ನಿಂಗೆ," ಎಂದು ಅಣ್ಣ ನಕ್ಕ.

ಎಲ್ಲರೂ ಪಾಸ್‌ಪೋರ್ಟ್ ಹುಡುಕುವ ಗಡಿಬಿಡಿಯಲ್ಲಿದ್ದಾಗ ನಳಿನಿ ಚಂಪಾಳ ಬಲಗೈಯ ಉಣ್ಣೆಗವಸನ್ನು ಮೆಲ್ಲಗೆ ಎತ್ತಿ ಸೆರಗಿನಡಿ ಮುಚ್ಚಿಟ್ಟಳು. ಬರಿಗೈಗಾದರೆ ಹಿಮ ತಾಕಿಯೇ ತಾಕುತ್ತದೆ. ಚಂಪಾಳ ಚರ್ಮ ಒಡೆದರೆ ಎಂಬ ಅಳುಕನ್ನು ನುಂಗಿಕೊಂಡಳು.

"ಅಕ್ಕಾ, ಒಂದು ಗವಸು ಕಾಣ್ತಾನೇ ಇಲ್ಲ," ಎಂದಳು ಚಂಪಾ. "ಹೋಗ್ಲಿ ಬಿಡು. ನಿಂಗ್ಯಾಕೆ ಚಳಿ? ಹದಿನೈದು ದಿನಾನೂ ಈ ಕೈನ ಕೋಟಿನ ಜೇಬಲ್ಲೇ ಇಟ್ಕೋತೀನಿ."

ಹೊರಗೆ ಟ್ಯಾಕ್ಸಿ ಹಾರ್ನ್ ಹಾಕಿತು. ನಳಿನಿ ಗವಸನ್ನು ಹೊರತೆಗೆದು ತಂಗಿಯ ಮುಂದೆ ಹಿಡಿದಳು.

"ತಗೊಳ್ಳೇ. ಕದ್ದಿದ್ದು ನಾನೇ. ಹಾಕ್ಕೊಂಡೇ ಓಡಾಡು. ಆದ್ರೆ ಒಂದೇ ಒಂದು ಸಲ ಬಿಚ್ಚಿ ಹಿಮ ಮುಟ್ಟೇ, ಚಂಪಾ."