ಗೋಡೆಯಾಚೆಯಿಂದ

ಮೊಣಕಾಲಿನ ನೋವು ಪತ್ರಿಕೆಯವರಿಗೆ ಗೊತ್ತಾದದ್ದು ಹೇಗೆ?

ಊರಿನ ಫುಟ್‌ಬಾಲ್ ಕ್ಲಬ್ಬಿನ ಕಪ್ತಾನ ಬಾಳಕೃಷ್ಣ ಆ ಸಾಲನ್ನು ಮೂರನೆಯ ಸಲ ಓದಿದ. 'ಕಪ್ತಾನರು ಎಡ ಮೊಣಕಾಲಿನ ನೋವನ್ನು ಬಚ್ಚಿಟ್ಟು ಆಡಿದರು. ಚೆಂಡು ಮಾತ್ರ ಗುಟ್ಟು ಕಾಯಲಿಲ್ಲ.' ಊರಿನ ವಾರಪತ್ರಿಕೆಯಲ್ಲಿ 'ಗೋಡೆಯಾಚೆಯಿಂದ' ಎಂಬ ಅಂಕಣ ಶುರುವಾಗಿ ವರ್ಷವಾಗಿತ್ತು. ಬರೆದವರ ಹೆಸರಿರುತ್ತಿರಲಿಲ್ಲ. ನೋವಿನ ಸಂಗತಿಯನ್ನು ಅವನು ಹೇಳಿದ್ದು ಹೆಂಡತಿ ಮಂದಾಕಿನಿಗೆ ಮಾತ್ರ. ಎಣ್ಣೆ ತಿಕ್ಕಿದವಳೂ ಅವಳೇ.

ಹಾಗಾದರೆ ಅವಳು ಯಾರಿಗೆ ಹೇಳಿದಳು?

ಅನುಮಾನಕ್ಕೊಂದು ಮುಖ ಸಿಕ್ಕಲು ತಡವಾಗಲಿಲ್ಲ. ಹೈಸ್ಕೂಲ್ ಮಾಸ್ತರ ವೆಂಕಣ್ಣ, ಇನ್ನೂ ಮದುವೆಯಾಗದವನು, ಮಂದಾಕಿನಿಗೆ ಓದಲು ಪುಸ್ತಕ ತಂದುಕೊಡುತ್ತಿದ್ದ. ಪಂದ್ಯದ ದಿನ ಟಿಕೆಟು ತೆಗೆಸುತ್ತಿರಲಿಲ್ಲ. ಮೈದಾನದ ಪಡುವಣ ಓಣಿಯಲ್ಲಿ, ಬಾಳಕೃಷ್ಣನ ಮನೆಯೆದುರೇ ನಿಂತು, ಮಣ್ಣಿನ ಗೋಡೆಗೆ ಮೊಣಕೈಯೂರಿ ಆಟ ನೋಡುತ್ತಿದ್ದ. ಇತ್ತ ಪತ್ರಿಕೆ ಬಂದೊಡನೆ ಮಂದಾಕಿನಿ ತೆರೆಯುತ್ತಿದ್ದದ್ದು ಆ ಪುಟವನ್ನೇ. ಓದಿ ತನ್ನಷ್ಟಕ್ಕೆ ನಗುತ್ತಿದ್ದಳು. ಮದುವೆಯಾದ ಆರು ವರ್ಷಗಳಲ್ಲಿ ಅಂಥ ನಗು ಅವನ ಒಂದು ಗೋಲಿಗೂ ಸಿಕ್ಕಿರಲಿಲ್ಲ.

ಸಂಪಾದಕ ಬಿಂದುಮಾಧವರಾಯರನ್ನು ಅವನು ಕೇಳಿಯೂ ಬಿಟ್ಟ.

"ಅದನ್ನ ಬರಿಯೋರು ಯಾರ್ರಿ?"

ರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬ್ಯಾರೆ ಯಾರರೆ ಕೇಳ್ಲಿ. ನೀವು ಕೇಳ್ತೀರೇನ್ರಿ?"

ಬಾಳಕೃಷ್ಣನ ಕಿವಿ ಬಿಸಿಯಾಯಿತು. ಊರಿಗೆಲ್ಲ ಗೊತ್ತಿದೆ!

ಆ ಬೇಸಿಗೆಯಲ್ಲೇ ಮೈದಾನದ ಕೆಲಸ ಶುರುವಾಯಿತು. ಹದಿನೈದು ವರ್ಷದ ಹಿಂದೆ, ೧೯೨೧ರಲ್ಲಿ, ದನ ಮೇಯುತ್ತಿದ್ದ ಮಡ್ಡಿ ನೆಲವನ್ನು ಕ್ಲಬ್ಬಿನವರೇ ಗುದ್ದಲಿ ಹಿಡಿದು ಸಮ ಮಾಡಿದ್ದರು. ಅಗೆದ ಮಣ್ಣಿನಿಂದಲೇ ಎದೆಮಟ್ಟದ ಗೋಡೆ ಹಾಕಿದ್ದರು. ಈಗ ತಗಡಿನ ಚಾವಣಿಯ ಗ್ಯಾಲರಿ, ಸುತ್ತ ಐದಡಿ ಕಲ್ಲಿನ ಗೋಡೆ ಆಗುವುದಿತ್ತು. ಕ್ಲಬ್ಬಿನ ಕಾರ್ಯದರ್ಶಿಯೂ ಬಾಳಕೃಷ್ಣನೇ. ಗೌಂಡಿ ಮಡಿವಾಳಪ್ಪನನ್ನು ಕರೆದು ಹೇಳಿದ:

"ಪಡುವಣ ಮಗ್ಗಲಾ ಹತ್ತು ಫೂಟು ಏರಸು."

"ಅಷ್ಟ್ಯಾಕ್ರಿ ರಾಯರ? ನಿಮ್ಮ ಮನಿಗೇ ಅಡ್ಡ ಆಕ್ಕೈತ್ರಿ."

"ಆಗ್ಲಿ."

ಮಂದಾಕಿನಿ ಮಧ್ಯಾಹ್ನ ಬಡಿಸುತ್ತ ವಿಷಯ ತೆಗೆದಳು. "ಅಷ್ಟ್ ಎತ್ತರ ಬ್ಯಾಡ್ರಿ. ಅಡಗಿಮನಿ ಕಿಟಕಿ ಪೂರಾ ಮುಚ್ಚಿಹೋಗ್ತದ."

"ದೀಪಾ ಹಚ್ಚಿಕೋ."

"ಹಂಗಾದ್ರ ಗ್ಯಾಲರ್ಯಾಗ ಹೆಂಗಸರಿಗೆ ಒಂದಿಷ್ಟು ಜಾಗಾ ಇಡ್ರಿ."

"ಯಾರನ್ನ ನೋಡ್ಲಿಕ್ಕೆ?"

ಅವಳು ಸಾರು ಬಡಿಸಿದಳು. "ಆಟಾ ನೋಡ್ಲಿಕ್ಕೆ."

ಅವನು ಅರ್ಧ ಊಟಕ್ಕೇ ಎದ್ದುಹೋದ.

ಗೋಡೆ ಎದ್ದಿತು. ಹೊಸ ಮೈದಾನದ ಮೊದಲ ಪಂದ್ಯ ಮುಗಿದು ಪತ್ರಿಕೆ ಬಂತು, ಅಂಕಣ ಇರಲಿಲ್ಲ. ಮರುವಾರವೂ ಇಲ್ಲ. ಮಂದಾಕಿನಿ ಮಾತು ಕಡಿಮೆ ಮಾಡಿದಳು. ಪತ್ರಿಕೆ ಮಡಿಕೆ ಬಿಚ್ಚದೆ ಕಟ್ಟೆಯ ಮೇಲೆ ಬಿದ್ದಿರುತ್ತಿತ್ತು. ಇನ್ನೇನು ಸಾಕ್ಷಿ ಬೇಕು? ಬಾಳಕೃಷ್ಣನಿಗೆ ತಿಂಗಳುಗಟ್ಟಲೆ ಉರಿದಿದ್ದ ಹೊಟ್ಟೆ ತಣ್ಣಗಾಯಿತು. ಆ ತಿಂಗಳು ಅವನು ಚೆನ್ನಾಗಿಯೇ ಆಡಿದ.

ನಾಲ್ಕನೆಯ ಪಂದ್ಯ ಗೆದ್ದು, ಬೆವರು ಒರೆಸಿಕೊಳ್ಳುತ್ತ ಗ್ಯಾಲರಿಯತ್ತ ಬಂದಾಗ ಮುಂದಿನ ಸಾಲಿನಿಂದ ಒಬ್ಬ ಎದ್ದು ಕೈಮುಗಿದ. ವೆಂಕಣ್ಣ.

"ಭಾರೀ ಆಡಿದ್ರಿ ಕಪ್ತಾನ್ರ! ಗೋಡಿ ಎತ್ತರ ಆಗಿದ್ದೂ ಛಲೋನ ಆತು. ಟಿಕೀಟು ತಗಸಿ ನಾಲ್ಕೂ ಆಟಾ ಇಲ್ಲೇ ಕೂತು ನೋಡೇನಿ."

ಬಾಳಕೃಷ್ಣ ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡ. ನಾಲ್ಕೂ ಆಟ ನೋಡಿದವನು ಬರೆಯುವುದನ್ನು ಬಿಟ್ಟದ್ದೇಕೆ?

ಅಷ್ಟರಲ್ಲಿ ಬಿಂದುಮಾಧವರಾಯರು ಹಿಂದಿನಿಂದ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ಏನ್ರಿ ಬಾಳಕೃಷ್ಣರಾವ್, ಮಂದಾಕಿನಿಬಾಯಿಯವರು ಆರಾಮ ಇದ್ದಾರಿಲ್ಲೋ? ನಾಲ್ಕು ವಾರ ಆತು, ಅಂಕಣ ಬರದು ಕಳಿಸೇ ಇಲ್ಲ."