ಬಂಡೆಯ ಕುತ್ತಿಗೆ

“ರೀ, ಉಜ್ಜೋದು ನಿಲ್ಸಿ!” ಊಟದ ಡಬ್ಬಿ ಹಿಡಿದು ಬಂದ ಹೆಂಡತಿ ಕೂಗಿದಳು.

ಬಂಡೆಯ ಮೇಲಿನ ಗೀಚುಗಳನ್ನು ಅಳಿಸುತ್ತಿದ್ದ ಕಾವಲುಗಾರನ ಕೈಯಲ್ಲಿದ್ದ ತಂತಿ ಬ್ರಷ್ ನಿಲ್ಲಲಿಲ್ಲ. ಮರುಭೂಮಿಯ ಗಾಳಿ ಮರಳೆರಚಿ ಎರಚಿ ಬುಡವನ್ನು ಸವೆಸಿದ್ದರಿಂದ ಆ ಬಂಡೆ ದೊಡ್ಡ ಅಣಬೆಯಂತೆ ನಿಂತಿತ್ತು. ಬಂದವರೆಲ್ಲ ಅದರ ಸಣಕಲು ಕುತ್ತಿಗೆಯ ಮೇಲೇ ಹೆಸರು ಕೆತ್ತುತ್ತಿದ್ದರು. ಬೇಲಿ ಹಾಕಿಸಿ ಎಂದು ಮೇಲಿನವರನ್ನು ಕೇಳಿ ಕೇಳಿ ಅವನ ನಾಲಿಗೆ ಒಣಗಿತ್ತು. “ನಾನು ಅಳಿಸದೆ ಇನ್ಯಾರು ಅಳಿಸ್ತಾರೆ?” ಎಂದು ಸಿಡುಕಿದ.

“ಅವರು ಗೀಚಿದ್ದು ಉಗುರಿನಷ್ಟು ಆಳ. ನೀವು ಉಜ್ಜಿದ್ದು ನೋಡಿ.” ಅವಳು ಅವನ ಕೈ ಹಿಡಿದು ಬಂಡೆಗೆ ಒತ್ತಿದಳು. ಮುಷ್ಟಿ ಪೂರ್ತಿ ಒಳಗೆ ಹೋಯಿತು. ಗಾಳಿ ಸವೆಸಿದ ಕಲ್ಲು ಸುತ್ತಲೂ ನುಣ್ಣಗಿತ್ತು. ಗುಳಿ ಬಿದ್ದಿದ್ದು ಅವನು ವರ್ಷಗಟ್ಟಲೆ ಉಜ್ಜಿದ ಜಾಗದಲ್ಲಿ ಮಾತ್ರ.

ಅಷ್ಟರಲ್ಲಿ ಜೋಡಿಯೊಂದು ನಗುತ್ತ ಬಂತು. ಗಂಡು ಜೇಬಿನಿಂದ ಬೀಗದ ಕೈ ತೆಗೆದು ಬಂಡೆಯತ್ತ ನಡೆದ. ಕಾವಲುಗಾರ ಬ್ರಷ್ಷನ್ನು ದೂರ ಬಿಸಾಡಿ, ಎರಡೂ ತೋಳು ಚಾಚಿ ಬಂಡೆಯ ಕುತ್ತಿಗೆಯನ್ನು ತಬ್ಬಿಕೊಂಡ.

“ಕೆತ್ತಲೇಬೇಕೇನಪ್ಪಾ? ಇಗೋ, ಈ ಬೆನ್ನ ಮೇಲೆ ಕೆತ್ತು!”